ಮೂರನೇ ಡೋಸ್

ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಟೂಂಗಾಬಿಯ ಆ ಸಣ್ಣ ಪ್ರಾಣಿ ಕ್ಲಿನಿಕ್ಕಿಗೆ ಒಬ್ಬ ಗಂಡಸು ರಟ್ಟಿನ ಪೆಟ್ಟಿಗೆಯಲ್ಲಿ ಬಾವಲಿ ತಂದ. ಪೆಟ್ಟಿಗೆಯ ಮೇಲೆ ಇಂಡಕ್ಷನ್ ಒಲೆಯ ಚಿತ್ರವಿತ್ತು, ಒಳಗಿನಿಂದ ಪರಪರ ಕೆರೆಯುವ ಸದ್ದು ಬರುತ್ತಿತ್ತು. ಹೊರಗೆ ನಲವತ್ತು ಡಿಗ್ರಿ ಬಿಸಿಲು. ಒಳಗೆ ಕಾಯುತ್ತಿದ್ದ ಎರಡು ನಾಯಿ, ಒಂದು ಬೆಕ್ಕು, ಅವುಗಳ ಮಾಲೀಕರು ಎಲ್ಲರೂ ಪೆಟ್ಟಿಗೆಯ ಕಡೆಗೇ ತಿರುಗಿದರು.

ರಿಯೋನಾ ಏಳು ಗಂಟೆಯಿಂದ ನಿಂತೇ ಇದ್ದಳು. ಆ ವಾರದಲ್ಲಿ ಅದು ಅವಳ ಆರನೇ ದಿನ. ಇಬ್ಬರು ನರ್ಸ್‌ಗಳಲ್ಲಿ ಒಬ್ಬಳು ರಜೆ ಹಾಕಿದ್ದಳು. ಡಾಕ್ಟರ್ ಲೊರೇನ್ ಒಳಗೆ ಒಂದು ಮುದಿ ನಾಯಿಯ ಹೊಟ್ಟೆ ಕೊಯ್ದು ನಿಂತಿದ್ದಳು. ಬಾವಲಿ ಬಂದರೆ ಸಾಮಾನ್ಯವಾಗಿ ವನ್ಯಜೀವಿ ಸಂಸ್ಥೆಯವರು ಚೀಲದಲ್ಲಿ ತರುತ್ತಾರೆ, ಫೋನ್ ಮಾಡಿ ತರುತ್ತಾರೆ. ಹೀಗೆ ತಾವೇ ಹಿಡಿದು ತರುವವರು ನಮ್ಮವರೇ ಇರಬೇಕು ಎಂದು ಅವಳು ಅಂದುಕೊಳ್ಳುವಷ್ಟರಲ್ಲೇ ಆತ ಬಾಯಿ ತೆರೆದ.

"ನೀವು ಕನ್ನಡದವ್ರಲ್ವಾ ಡಾಕ್ಟ್ರೇ? ನಾನು ಗುರುದತ್ತ ಅಂತ, ಗಿರಾವೀನ್‌ನಲ್ಲಿರೋದು. ಸೀಬೆ ಗಿಡಕ್ಕೆ ನೆಟ್ ಹಾಕಿದ್ವಿ, ಇದು ಬಂದು ಸಿಕ್ಕಾಕ್ಕೊಂಡಿದೆ. ರೆಸ್ಕ್ಯೂನವ್ರಿಗೆ ಫೋನ್ ಮಾಡೋಣ ಅಂದ್ರೆ ನನ್ ವೈಫು ಅರುಂಧತಿ, ಬೇಡ, ಆ ನೆಟ್ ನೋಡಿದ್ರೆ ಫೈನ್ ಹಾಕ್ತಾರೆ, ಟೂಂಗಾಬಿಲಿ ನಮ್ಮೋರೇ ಒಬ್ರು ಡಾಕ್ಟ್ರಿದಾರೆ ಅಂದ್ಲು."

"ನೀವು ಮುಟ್ಟಿದ್ರಾ?"

"ಛೆ ಛೆ. ಬಾರ್ಬೆಕ್ಯೂ ಗ್ಲೌಸ್ ಹಾಕ್ಕೊಂಡು, ಮೇಲೆ ಟವೆಲ್ ಸುತ್ತಿ, ನೆಟ್ ಸಮೇತ ಕತ್ತರಿಸ್ಕೊಂಡು ಬಂದೆ. ಅರುಂಧತಿ ಕಾರಿಂದ ಇಳೀತಾನೇ ಇಲ್ಲ. ಬಾವಲಿ ಮನೆ ಹೊಕ್ಕರೆ ಕೆಟ್ಟದಂತೆ. ನಾನೇನು ಮನೆಯೊಳಗೆ ತಂದಿದೀನಾ, ನೀವೇ ಹೇಳಿ ಡಾಕ್ಟ್ರೇ."

ಡಾಕ್ಟ್ರೇ. ಎರಡು ವರ್ಷದಲ್ಲಿ ಆ ಕಟ್ಟಡದೊಳಗೆ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಊರಲ್ಲಿ ಐದೂವರೆ ವರ್ಷ ಓದಿ ಪಶುವೈದ್ಯೆಯಾದವಳು ಇಲ್ಲಿ ನರ್ಸ್. ಇಲ್ಲಿನ ಪರೀಕ್ಷೆಯಲ್ಲಿ ಲಿಖಿತ ಭಾಗ ಮುಗಿದಿತ್ತು, ಪ್ರಾಕ್ಟಿಕಲ್ ಮುಂದಿನ ತಿಂಗಳು ಮೆಲ್ಬರ್ನ್‌ನಲ್ಲಿ. ಅಲ್ಲಿಯವರೆಗೆ ಅವಳು ಪಂಜರ ತೊಳೆಯುತ್ತಾಳೆ, ಬೆಕ್ಕಿನ ಕುತ್ತಿಗೆ ಹಿಡಿಯುತ್ತಾಳೆ, ಬಿಲ್ ಮಾಡುತ್ತಾಳೆ. ಆ ಒಂದು ಮಾತಿಗೆ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಆಮೇಲೆ ನಡೆದದ್ದಕ್ಕೆಲ್ಲ ಮೂಲ ಅದೇ. ಅದನ್ನು ಅವಳು ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ.

ಕ್ಲಿನಿಕ್ಕಿನ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. 'ಬಾವಲಿ ಮುಟ್ಟಬಹುದಾದವರು' ಎಂದು ಮೇಲೆ. ಕೆಳಗೆ ಎರಡೇ ಹೆಸರು: ಲೊರೇನ್, ರಿಯೋನಾ. ಈ ದೇಶದ ನಾಯಿಗಳಿಗೆ ರೇಬೀಸ್ ಇಲ್ಲ. ಬಾವಲಿಗಳಲ್ಲಿ ಮಾತ್ರ ಅದರ ದಾಯಾದಿ ವೈರಸ್ ಒಂದು ಇದೆ. ಕೊಲ್ಲುವ ಕೆಲಸದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ತಡೆಯುವ ಲಸಿಕೆಯೂ ಒಂದೇ. ಮೂರು ಡೋಸ್ ರೇಬೀಸ್ ಲಸಿಕೆ ಆದವರ ಹೆಸರಷ್ಟೇ ಆ ಹಾಳೆಯಲ್ಲಿ.

ನಿಯಮದ ಪ್ರಕಾರ ಅವಳು ಪೆಟ್ಟಿಗೆಯನ್ನು ಕತ್ತಲೆ ಕೋಣೆಯಲ್ಲಿಟ್ಟು ಲೊರೇನ್ ಬಂದು ಅರಿವಳಿಕೆ ಕೊಡುವವರೆಗೆ ಕಾಯಬೇಕಿತ್ತು. ಕಾಯಲಿಲ್ಲ. ಗುರುದತ್ತ ಬಾಗಿಲ ಹೊರಗೆ ನಿಂತು ನೋಡುತ್ತಿದ್ದ. ದಪ್ಪ ಚರ್ಮದ ಗ್ಲೌಸ್ ಹಾಕಿ ಟವೆಲ್ ಬಿಡಿಸಿದಳು. ನರಿಯ ಮುಖ, ಕಂದು ಕೊರಳು, ಗಾಬರಿಯ ಕಣ್ಣು. ಬಲೆಯ ನೂಲು ಕಂಕುಳಲ್ಲಿ ಮಾಂಸದೊಳಗೇ ಹೋಗಿತ್ತು. ದಪ್ಪ ಗ್ಲೌಸಿನಲ್ಲಿ ಸಣ್ಣ ಕತ್ತರಿ ಹಿಡಿಯಲು ಬರುವುದಿಲ್ಲ. ಬಲಗೈಯ ಗ್ಲೌಸ್ ತೆಗೆದಳು.

ಮೂರು ನೂಲು ಕತ್ತರಿಸಿದ್ದಳು. ನಾಲ್ಕನೆಯದಕ್ಕೆ ಬಾವಲಿಯ ತಲೆ ತಿರುಗಿದ್ದು ಕಂಡಿತು. ಕೈ ಎಳೆದುಕೊಳ್ಳುವಷ್ಟರಲ್ಲಿ ಹೆಬ್ಬೆರಳಿಗೆ ಹಲ್ಲು ತಾಗಿತ್ತು. ಗುಲಾಬಿ ಮುಳ್ಳು ಗೀರಿದಷ್ಟೇ.

"ಡಾಕ್ಟ್ರೇ, ರಕ್ತ ಬಂತು!" ಎಂದು ಗುರುದತ್ತ ಕೂಗಿದ. ಆ ಕೂಗಿಗೆ ಆಪರೇಷನ್ ಕೋಣೆಯ ಬಾಗಿಲು ತೆರೆಯಿತು.

ಲೊರೇನ್ ಬೈಯಲಿಲ್ಲ. ಅರವತ್ತರ ಹೆಂಗಸು, ಬೈಯುವ ಶಕ್ತಿಯನ್ನು ಉಳಿಸಿಕೊಂಡಿರಲಿಲ್ಲ. ನಲ್ಲಿಯ ಕಡೆ ಬೆರಳು ತೋರಿಸಿ, "ಸೋಪು. ಹದಿನೈದು ನಿಮಿಷ. ಗಡಿಯಾರ ನೋಡಿಕೋ. ನಿನ್ನ ಮೂರೂ ಡೋಸ್ ಆಗಿದೆ ತಾನೇ?" ಎಂದಳು.

"ಆಗಿದೆ."

ಎರಡು ವರ್ಷದಿಂದ ಹೇಳಿಕೊಂಡು ಬಂದ ಮಾತು, ನಾಲಿಗೆಗೆ ಅಭ್ಯಾಸವಾಗಿತ್ತು.

ಹದಿನೈದು ನಿಮಿಷ ನಲ್ಲಿಯ ಕೆಳಗೆ ಬೆರಳು ಹಿಡಿದು ನಿಲ್ಲುವುದು ಬಹಳ ದೊಡ್ಡ ಹೊತ್ತು. ಆ ಹೊತ್ತಿನಲ್ಲಿ ಅವಳಿಗೆ ಗುರುಶಾಂತಪ್ಪ ನೆನಪಾದ.

ಗುರುಶಾಂತಪ್ಪ ಅವಳು ಓದಿದ ಪಶುವೈದ್ಯ ಕಾಲೇಜಿನ ಅಟೆಂಡರ್. ಜೊಲ್ಲು ಸುರಿಸುತ್ತ ಬಂದ ಹಸುವೊಂದರ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಮೊಣಕೈವರೆಗೆ ಕೈ ಹಾಕಿ ಹುಡುಕಿದವನು ಅವನು. ಸಿಕ್ಕಿಕೊಂಡದ್ದು ಏನೂ ಇರಲಿಲ್ಲ, ಹಸುವಿಗೆ ರೇಬೀಸ್ ಆಗಿತ್ತು. ಎರಡು ತಿಂಗಳಾದ ಮೇಲೆ ಒಂದು ದಿನ ಕ್ಯಾಂಟೀನಿನಲ್ಲಿ ಅವನು ಚಹಾದ ಲೋಟ ತುಟಿಯ ಹತ್ತಿರ ತಂದು, ಕುಡಿಯಲಾಗದೆ, ಲೋಟವನ್ನೇ ನೋಡುತ್ತ ಕೂತ. ನಾಲ್ಕನೇ ದಿನ ಸತ್ತ. ಆಗ ಕಾಲೇಜಿನವರಿಗೆ ಎಚ್ಚರವಾಗಿ ವಿದ್ಯಾರ್ಥಿಗಳಿಗೆಲ್ಲ ಲಸಿಕೆ ಕ್ಯಾಂಪ್ ಇಟ್ಟರು: ಮೊದಲ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ. ರಿಜಿಸ್ಟರಿನಲ್ಲಿ ಮೂರು ಸಹಿ ಇದ್ದವರಿಗೆ ಸರ್ಟಿಫಿಕೇಟ್.

ಮೂರನೆಯದು ಸೆಪ್ಟೆಂಬರ್ ಏಳಕ್ಕೆ ಬಿತ್ತು. ಎಂಟಕ್ಕೆ ಮೊಂತಿ ಹಬ್ಬ, ಕರಾವಳಿ ಕ್ರೈಸ್ತರ ತೆನೆ ಹಬ್ಬ, ಮನೆಯಲ್ಲಿ ಹೊಸ ಅಕ್ಕಿಯ ಊಟ. ವರ್ಷಕ್ಕೊಮ್ಮೆ ಮನೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕೂರುವ ದಿನ. ರಿಯೋನಾ ಆರಕ್ಕೇ ಬಸ್ಸು ಹತ್ತಿದಳು. ಹೋಗುವಾಗ ರೂಂಮೇಟ್ ಮಧುರಾಗೆ, "ನಂದೊಂದು ಪ್ರಾಕ್ಸಿ ಹಾಕ್ತಿಯಾ ಮಾರಾಯ್ತಿ?" ಎಂದಳು. ಹಾಜರಿಗೆ ಪ್ರಾಕ್ಸಿ, ಮೆಸ್ಸಿಗೆ ಪ್ರಾಕ್ಸಿ, ರಕ್ತದಾನದ ಬಿಸ್ಕಿಟಿಗೂ ಪ್ರಾಕ್ಸಿ ಹಾಕಿದ ಹಾಸ್ಟೆಲು ಅದು. ಸೂಜಿಗೂ ಪ್ರಾಕ್ಸಿ ಹಾಕಬಾರದು ಎಂದು ಯಾರ ತಲೆಗೂ ಹೊಳೆಯಲಿಲ್ಲ. ಮಧುರಾ ಎರಡು ಸಹಿ ಹಾಕಿ ಒಂದು ಸೂಜಿ ಹಾಕಿಸಿಕೊಂಡು ಬಂದಳು. ಅದಕ್ಕೂ ಎರಡು ವಾರ ಮೊದಲು, ಏಳನೇ ದಿನದ ಡೋಸಿಗೆ ಮಧುರಾ ಅಕ್ಕನ ಮದುವೆಯೆಂದು ಗದಗಕ್ಕೆ ಹೋಗಿದ್ದಳು. ಆಗ ಪ್ರಾಕ್ಸಿ ಹಾಕಿದ್ದು ರಿಯೋನಾ. ಹೀಗೆ ಲೆಕ್ಕ ಸರಿಹೋಗಿತ್ತು. ಗುರುಶಾಂತಪ್ಪ ಸತ್ತು ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ.

ಬೆರಳು ತೊಳೆದು ಮುಗಿಯುವಷ್ಟರಲ್ಲಿ ಲೊರೇನ್ ಬಾವಲಿಯನ್ನು ನೋಡಿ ಆಗಿತ್ತು. ರೆಕ್ಕೆಯ ಮೂಳೆ ಎರಡು ಕಡೆ ಮುರಿದಿತ್ತು, ಉಳಿಸಲು ದಾರಿಯಿರಲಿಲ್ಲ. ನಿದ್ದೆಯ ಮದ್ದು ಕೊಟ್ಟು ಮುಗಿಸಿದಳು. ದೇಹ ಪರೀಕ್ಷೆಗೆ ಹೋಗಲು ಸಿದ್ಧವಾಯಿತು.

"ಹೆಲ್ತ್‌ನವರಿಗೆ ಹೇಳಿದ್ದೇನೆ. ಎರಡು ಗಂಟೆಗೆ ನಿನಗೆ ಫೋನ್ ಮಾಡುತ್ತಾರೆ, ಡೋಸ್‌ಗಳ ತಾರೀಕು ಕೇಳುತ್ತಾರೆ, ಸರ್ಟಿಫಿಕೇಟ್ ಹತ್ತಿರ ಇಟ್ಟುಕೋ. ಮೊದಲೇ ಪೂರ್ತಿ ಆಗಿರುವುದರಿಂದ ಎರಡು ಇಂಜೆಕ್ಷನ್ನಿಗೆ ಮುಗಿಯುತ್ತದೆ," ಎಂದಳು ಲೊರೇನ್. ಹೊರಟವಳು ತಿರುಗಿ, "ಸೋಮವಾರ ನೆನಪಿಸು, ನಿನ್ನ ಪಿಆರ್ ಕಾಗದಕ್ಕೆ ಸಹಿ ಹಾಕಬೇಕು," ಎಂದಳು.

ಪೂರ್ತಿ ಆಗದವರಿಗೆ ಎರಡಕ್ಕೆ ಮುಗಿಯುವುದಿಲ್ಲ ಎಂಬುದು ರಿಯೋನಾಗೆ ಗೊತ್ತು. ನಾಲ್ಕು ಡೋಸ್ ಬೇಕು, ಮೊದಲ ದಿನವೇ ಗಾಯದೊಳಕ್ಕೇ ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯದ ಮದ್ದು ಚುಚ್ಚಬೇಕು. ಅದು ಬೇಕೆಂದರೆ ಸರ್ಟಿಫಿಕೇಟ್ ಸುಳ್ಳು ಎನ್ನಬೇಕು. ಒಂದು ಸರ್ಟಿಫಿಕೇಟ್ ಸುಳ್ಳು ಎಂದವಳ ಉಳಿದ ಸರ್ಟಿಫಿಕೇಟುಗಳನ್ನು ಯಾರು ನಂಬುತ್ತಾರೆ? ಲೊರೇನ್ ಸಹಿ ಹಾಕದಿದ್ದರೆ ಪಿಆರ್ ಇಲ್ಲ, ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ ಇಲ್ಲ. ವೀಸಾ ಮುಗಿಯಲು ನಾಲ್ಕು ತಿಂಗಳಿತ್ತು.

ಊಟದ ಬಿಡುವಿಗೆ ಅವಳು ಹಿಂದಿನ ಅಂಗಳಕ್ಕೆ ಹೋಗಿ, ಕಸದ ಡಬ್ಬಿಗಳ ನೆರಳಲ್ಲಿ ಕೂತು ಮಧುರಾಗೆ ಫೋನ್ ಮಾಡಿದಳು. ಮಧುರಾ ಮೆಲ್ಬರ್ನ್‌ನಲ್ಲಿ. ಪರೀಕ್ಷೆ ಪಾಸಾಗಿ ಅವಳು ಈಗ ನಿಜವಾದ ಡಾಕ್ಟರ್. ವಾರಾಂತ್ಯ ಬಾವಲಿಗಳ ಆರೈಕೆ ಕೇಂದ್ರದಲ್ಲೂ ದುಡಿಯುತ್ತಾಳೆ. ಅವಳ ಫೇಸ್‌ಬುಕ್ ತುಂಬ ಬಾವಲಿ ಮರಿಗಳಿಗೆ ಬಾಟಲಿ ಹಾಲು ಕುಡಿಸುವ ಫೋಟೊಗಳು.

"ಏನಲೇ, ಈ ಹೊತ್ತಿನ್ಯಾಗ?"

ರಿಯೋನಾ ಹೇಳಿದಳು. "ಹೇಳಬ್ಯಾಡ," ಎಂದಳು ಮಧುರಾ. "ಎರಡ ಡೋಸ್ ಆಗ್ಯಾವಿಲ್ಲೋ? ಈಗ ಮತ್ತೆರಡು ಕೊಡ್ತಾರ. ನಾಕಾತು. ಗಣಿತಾನೂ ಬರೂದಿಲ್ಲೇನ್ ನಿನಗ?"

"ಅದು ಎಂಟು ವರ್ಷದ ಹಿಂದಿನದ್ದು ಮಾರಾಯ್ತಿ. ಅರ್ಧ ಮಾಡಿದ್ರೆ ಇಲ್ಲಿ ಲೆಕ್ಕಕ್ಕಿಲ್ಲ, ನಿಂಗೂ ಗೊತ್ತುಂಟು."

"ಆ ಬಾವಲಿಗೆ ರೋಗ ಇರೂದು ನೂರಕ್ಕ ಒಂದೂ ಇಲ್ಲ. ನಿನ್ನ ಪಿಆರ್ ನಾಡದು ಐತಿ. ಬಾಯಿ ಮುಚ್ಚಿಕೊಂಡ ಎರಡ ಸೂಜಿ ಹಾಕಿಸ್ಕೋ. ಸೋಮವಾರ ರಿಪೋರ್ಟ್ ನೆಗೆಟಿವ್ ಬರ್ತೈತಿ, ಮಂಗಳವಾರ ನನಗ ಫೋನ್ ಮಾಡಿ ನಗ್ತಿ."

"ಪಾಸಿಟಿವ್ ಬಂದ್ರೆ?"

"ಬರಂಗಿಲ್ಲಲೇ."

ರಿಯೋನಾಗೆ ಸ್ವಲ್ಪ ಧೈರ್ಯ ಬಂತು. ಅದಕ್ಕೇ ಫೋನ್ ಮಾಡಿದ್ದೂ. ಬೆರಳ ಮೇಲಿನ ಗೀರು ಈಗ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಇಡೋಣ ಎನ್ನುವಾಗ ಸುಮ್ಮನೆ ಬಾಯಿಗೆ ಬಂತು: "ಮತ್ತೆ ನೀನು? ನಿನ್ನ ಎರಡನೇದು ನಾನಲ್ವಾ ಹಾಕಿದ್ದು? ನೀನು ದಿನಾ ಅವುಗಳನ್ನ ಎತ್ತಿಕೊಳ್ತಿ. ನಿಂಗೆ ಹೆದರಿಕೆ ಆಗುದಿಲ್ವಾ?"

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು.

"ನಾ ಇಲ್ಲಿ ಬಂದ ಮೊದಲನೇ ತಿಂಗಳಿಗೇ ಮತ್ತ ಮೂರೂ ಹಾಕಿಸ್ಕೊಂಡೆ."

"ಎಂತ?"

"ಇಲ್ಲಿಯವರು ರಕ್ತ ಪರೀಕ್ಷೆ ಕೇಳ್ತಾರ. ಸಿಕ್ಕಿಬೀಳ್ತೇನಿ ಅಂತ ಅದಕ್ಕೂ ಮೊದಲಽ ಹೋಗಿ ಪೂರ್ತಿ ಮಾಡಿಸ್ಕೊಂಡೆ. ಈಗ ನನ್ನ ಲೆವೆಲ್ ಚಲೋ ಐತಿ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೆನಪಽ ಆಗಲಿಲ್ಲಲೇ. ಖರೇ. ಒಂದೂರಾ ಎರಡೂರಾ, ಒಂದ ಕೆಲಸಾ... ನೆನಪಾಗಲಿಲ್ಲ."

ಎರಡು ವರ್ಷ. ವಾರಕ್ಕೊಂದು ಸಲವಾದರೂ ಮಾತಾಡಿದ್ದರು. ರೆಂಟ್ ಬಗ್ಗೆ, ಪರೀಕ್ಷೆಯ ಬಗ್ಗೆ, ಯಾವ ಅಂಗಡಿಯಲ್ಲಿ ಒಳ್ಳೆಯ ಜೋಳದ ಹಿಟ್ಟು ಸಿಗುತ್ತದೆ ಎಂಬುದರ ಬಗ್ಗೆ. ರಿಯೋನಾ ಬಾವಲಿ ಹಿಡಿದ ಫೋಟೊ ಕಳಿಸಿದಾಗ ಮಧುರಾ ಹೃದಯದ ಚಿಹ್ನೆ ಹಾಕಿದ್ದಳು.

"ನೀನು ಮೈಯೊಳಗೆ ಮೂರು ಡೋಸ್ ಇಟ್ಕೊಂಡು ನಂಗೆ ಹೇಳಬೇಡ ಅಂತಿಯಾ?" ಎಂದಳು ರಿಯೋನಾ. ದನಿ ಏರಿಸಲಿಲ್ಲ, ಏರಿಸಲು ಕಸುವಿರಲಿಲ್ಲ.

"ನಾ ನಿನ್ನ ಚಲೋದಕ್ಕಽ..."

"ಇಡ್ತೇನೆ ಮಾರಾಯ್ತಿ. ಎರಡು ಗಂಟೆಗೆ ಅವರ ಫೋನ್ ಉಂಟು."

ಎರಡು ಗಂಟೆಗೆ ಫೋನ್ ಬಂತು. ಆ ಕಡೆಯ ಹೆಂಗಸಿನ ದನಿ ಮೃದುವಾಗಿತ್ತು, ಅವಳಿಗೂ ಅದು ದಿನದ ಎಷ್ಟನೆಯದೋ ಕರೆ. ಮೊದಲ ಡೋಸಿನ ತಾರೀಕು? ರಿಯೋನಾ ಹೇಳಿದಳು. ಎರಡನೆಯದು? ಹೇಳಿದಳು. ಮೂರನೆಯದು?

ಸರ್ಟಿಫಿಕೇಟ್ ಎದುರಿಗೇ ಇತ್ತು. ಸೆಪ್ಟೆಂಬರ್ ಏಳು ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು. ಆ ಹೊತ್ತಿಗೆ ಅವಳು ಶಿರ್ವದ ಮನೆಯ ಅಡುಗೆಕೋಣೆಯಲ್ಲಿ ಅಮ್ಮನ ಜೊತೆ ಕೂತು ಅಲಸಂಡೆ ಹೆಚ್ಚುತ್ತಿದ್ದಳು.

"ಮೂರನೆಯದು ನಾನು ತೆಗೆದುಕೊಂಡಿಲ್ಲ," ಎಂದಳು. "ಕಾಗದದಲ್ಲಿ ಇದೆ. ತೆಗೆದುಕೊಂಡಿಲ್ಲ."

ಫೋನಿನಾಕೆ ಏನೂ ಆಗದವಳಂತೆ, "ಸರಿ. ಹಾಗಾದರೆ ಬೇರೆ ಪಟ್ಟಿ," ಎಂದು ಮುಂದಿನ ಪ್ರಶ್ನೆಗೆ ಹೋದಳು. ಅವಳಿಗೆ ಅದು ಒಂದು ಖಾನೆಯ ಬದಲು ಇನ್ನೊಂದು ಖಾನೆ, ಅಷ್ಟೇ. ಆದರೆ ಪಕ್ಕದ ಮೇಜಿನಲ್ಲಿ ಔಷಧದ ಚೀಟಿ ಬರೆಯುತ್ತಿದ್ದ ಲೊರೇನ್ ಪೆನ್ನು ಕೆಳಗಿಟ್ಟಳು.

ಅಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ರಿಯೋನಾಳ ಹೆಬ್ಬೆರಳಿಗೆ ಇಮ್ಯುನೋಗ್ಲಾಬ್ಯುಲಿನ್ ಚುಚ್ಚಿದರು. ಹೆಬ್ಬೆರಳಲ್ಲಿ ಅಷ್ಟು ದ್ರವಕ್ಕೆ ಜಾಗವಿಲ್ಲ. ಚರ್ಮ ಬಿರಿಯುವಂತೆ ಉಬ್ಬಿತು, ಉಳಿದದ್ದನ್ನು ತೊಡೆಗೆ ಕೊಟ್ಟರು. ತೋಳಿಗೆ ಲಸಿಕೆ. ಎಷ್ಟೋ ಹಸುಗಳಿಗೆ, ನಾಯಿಗಳಿಗೆ ಸೂಜಿ ಚುಚ್ಚಿದ್ದವಳು ಮಕ್ಕಳಂತೆ ಗೋಡೆಯ ಕಡೆ ಮುಖ ತಿರುಗಿಸಿ ಹಲ್ಲು ಕಚ್ಚಿದಳು.

ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋದಾಗ ಫ್ರಿಜ್ಜಿನ ಹಾಳೆಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದಿತ್ತು.

"ಕೂತುಕೋ," ಎಂದಳು ಲೊರೇನ್. "ಎರಡು ವರ್ಷದಲ್ಲಿ ನಿನ್ನ ಕೈಗೆ ಎಷ್ಟು ಬಾವಲಿ ಕೊಟ್ಟಿದ್ದೇನೆ ಗೊತ್ತಾ? ನಿನ್ನೆ ದಾಖಲೆ ತೆಗೆದು ಎಣಿಸಿದೆ. ಹನ್ನೊಂದು."

ರಿಯೋನಾ ಕುರ್ಚಿಯ ಅಂಚಿಗೆ ಕೂತಳು.

"ಯಾಕೆ ಹಾಗೆ ಮಾಡಿದೆ?"

ಮೊಂತಿ ಹಬ್ಬ, ಹೊಸ ಅಕ್ಕಿ, ಪ್ರಾಕ್ಸಿ ಇವನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಲು ಅವಳು ಪ್ರಯತ್ನಿಸಿದಳು. ಹೇಳುತ್ತ ಹೋದಂತೆ ಅದು ಹೆಚ್ಚು ಹೆಚ್ಚು ದಡ್ಡತನವಾಗಿ ಕೇಳಿಸಿತು. ಕೊನೆಗೆ, "ಎಲ್ಲರೂ ಮಾಡುತ್ತಿದ್ದೆವು," ಎಂದು ನಿಲ್ಲಿಸಿದಳು.

"ನನ್ನದೂ ತಪ್ಪಿದೆ," ಎಂದಳು ಲೊರೇನ್. "ರಕ್ತ ಪರೀಕ್ಷೆ ಮಾಡಿಸಬೇಕಿತ್ತು. ಒಳ್ಳೆಯ ಕಾಗದ, ದೊಡ್ಡ ಸೀಲು, ನೋಡಿ ಸುಮ್ಮನಾದೆ. ಈಗ ನಿನ್ನ ಪ್ರತಿಯೊಂದು ಕಾಗದವನ್ನೂ ಅದು ಬಂದ ಜಾಗಕ್ಕೇ ಬರೆದು ಕೇಳುತ್ತೇನೆ. ಡಿಗ್ರಿ, ಅಂಕಪಟ್ಟಿ, ಎಲ್ಲ. ಅದಾಗುವವರೆಗೆ ನಿನ್ನ ಪಿಆರ್ ಕಾಗದಕ್ಕೆ ಸಹಿ ಹಾಕುವುದಿಲ್ಲ. ಲಸಿಕೆ ಪೂರ್ತಿ ಮುಗಿಸಿ ದಾಖಲೆ ಕಳಿಸುವವರೆಗಂತೂ ಇಲ್ಲವೇ ಇಲ್ಲ. ಕೆಲಸಕ್ಕೆ ಬಾ. ಬಾವಲಿ ಬಂದರೆ ಆ ಕೋಣೆಗೆ ಕಾಲಿಡಬೇಡ."

ಅದೇ ಸಂಜೆ ನಾಲ್ಕಕ್ಕೆ ರಿಪೋರ್ಟ್ ಬಂತು. ಬಾವಲಿಗೆ ರೋಗ ಇರಲಿಲ್ಲ.

ಮಧುರಾಗೆ ಅವಳು ಹೇಳಿರಲಿಲ್ಲ, ಆದರೂ ಮಂಗಳವಾರ ಮೆಸೇಜ್ ಬಂತು: 'ನೆಗೆಟಿವ್ ಅಲಾ? ನಾ ಹೇಳಿದ್ದೆ.' ರಿಯೋನಾ ಅದನ್ನು ಓದಿ ಫೋನ್ ತಿರುಗಿಸಿಟ್ಟು ಪಂಜರ ತೊಳೆಯಲು ಹೋದಳು. ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ ಎಂಬುದು ಈಗ ಲ್ಯಾಬಿನಿಂದಲೇ ಬಂದ ಸತ್ಯ. ಸೋಮವಾರವೇ ಸಹಿ ಬಿದ್ದಿರುತ್ತಿತ್ತು. ಅದನ್ನು ಯೋಚಿಸಿ ಅವಳಿಗೆ ಅಳು ಬರಲಿಲ್ಲ, ನಿದ್ದೆ ಬಂತು.

ಇನ್ನು ನಾಲ್ಕು ಡೋಸ್ ಬೇಡ, ಶನಿವಾರದ್ದನ್ನು ಮೊದಲನೆಯದೆಂದು ಹಿಡಿದು ಮುನ್ನೆಚ್ಚರಿಕೆಯ ಮೂರು ಮುಗಿಸಿ, ಆಮೇಲೆ ರಕ್ತ ಪರೀಕ್ಷೆ ಮಾಡಿಸಿ ಎಂದರು ಆಸ್ಪತ್ರೆಯ ಡಾಕ್ಟರು. ಮೊದಲ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ. ಕ್ಯಾಲೆಂಡರ್ ನೋಡಿದರೆ ಇಪ್ಪತ್ತೊಂದನೆಯದು ಪ್ರಾಕ್ಟಿಕಲ್ ಪರೀಕ್ಷೆಗೆಂದು ಮೆಲ್ಬರ್ನ್‌ನಲ್ಲಿರುವ ವಾರಕ್ಕೇ ಬಿದ್ದಿತ್ತು. ಉಳಿದುಕೊಳ್ಳಲು ಅಲ್ಲಿ ಅವಳಿಗೆ ಮಧುರಾಳ ಮನೆ ಬಿಟ್ಟು ಬೇರೆ ಜಾಗವಿರಲಿಲ್ಲ.

ಮಧುರಾ ಏರ್‌ಪೋರ್ಟಿಗೆ ಬಂದಿದ್ದಳು. ಇಬ್ಬರೂ ಆ ಫೋನಿನ ಮಾತು ಎತ್ತಲಿಲ್ಲ. ಮಧುರಾ ರೊಟ್ಟಿ ಬಡಿದಳು, ಎಣ್ಣೆಗಾಯಿ ಮಾಡಿದಳು, ಹಸುವಿನ ಗರ್ಭ ಪರೀಕ್ಷೆಯ ಪ್ರಶ್ನೆಗಳನ್ನು ಎರಡು ದಿನ ಬಿಡದೆ ಕೇಳಿ ಉತ್ತರ ತಿದ್ದಿದಳು. ಪರೀಕ್ಷೆಗೆ ಎರಡು ದಿನ ಮೊದಲು, ಶನಿವಾರ ಮಧ್ಯಾಹ್ನ, ಮೂರನೇ ಡೋಸಿಗೆ ತನ್ನ ಕಾರಿನಲ್ಲೇ ಕರೆದುಕೊಂಡು ಹೋದಳು. ಸಿಗ್ನಲ್ಲಿನಲ್ಲಿ ನಿಂತಾಗ ಮುಂದಿನ ಗಾಜನ್ನೇ ನೋಡುತ್ತ ಕೇಳಿದಳು:

"ಸಿಟ್ಟ ಇನ್ನೂ ಹೋಗಿಲ್ಲೇನು?"

"ಇಲ್ಲ."

"ಬೈಯೂದಿದ್ರ ಬೈದುಬಿಡಲೇ ಒಮ್ಮೆ."

"ಬೈಲಿಕ್ಕೆ ಎಂತ ಉಂಟು? ನನ್ನ ಸೂಜಿ ನಾನು ತಪ್ಪಿಸಿದ್ದು. ನಿನ್ನ ಸೂಜಿ ನೀನು ಹಾಕಿಸಿಕೊಂಡೆ."

"ಖರೇನ ಹೇಳ್ತೇನಿ, ನೆನಪಾಗಲಿಲ್ಲ ಅಂದದ್ದು ಸುಳ್ಳು," ಎಂದಳು ಮಧುರಾ. "ನೆನಪಾಗಿತ್ತು. ನಿನ್ನ ಬಾವಲಿ ಫೋಟೊ ನೋಡಿದಾಗೊಮ್ಮೆ ನೆನಪಾಗೂದು. ಹೇಳಿದ್ರ ನೀ ನಿಮ್ಮ ಡಾಕ್ಟರ್ ಮುಂದ ಒದರತಿದ್ದಿ. ಆಮ್ಯಾಲೆ ನನ್ನ ಹೆಸರೂ ಬರೂದು. ಆಗ ನಂದೂ ಪಿಆರ್ ಆಗಿರಲಿಲ್ಲ."

ಸಿಗ್ನಲ್ ಹಸಿರಾಯಿತು. ಹಿಂದಿನ ಕಾರು ಹಾರ್ನ್ ಹೊಡೆಯಿತು.

"ಹಸಿರು ಬಿತ್ತು, ನಡಿ," ಎಂದಳು ರಿಯೋನಾ. ಕೇಳಬೇಕಾದ್ದು ಕೇಳಿಸಿಕೊಂಡಾಗಿತ್ತು. ಅದಕ್ಕೆ ಕ್ಷಮಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಕೆಲಸವನ್ನು ಪರೀಕ್ಷೆ ಮುಗಿದ ಮೇಲೆ ನೋಡಿಕೊಳ್ಳೋಣ ಎನಿಸಿತು.

ಲಸಿಕೆ ಕ್ಲಿನಿಕ್ಕಿನ ನರ್ಸ್ ತೋಳು ಒರೆಸಿ ಸೂಜಿ ಚುಚ್ಚಿ ಹತ್ತಿ ಒತ್ತಿದಳು. ಐದು ಸೆಕೆಂಡಿನ ಕೆಲಸ. ರಿಯೋನಾ ಅಭ್ಯಾಸಬಲದಿಂದ ಮೇಜಿನ ಮೇಲೆ ಪೆನ್ನು ಹುಡುಕಿದಳು.

"ಎಲ್ಲಿ ಸಹಿ ಹಾಕಲಿ?"

"ಸಹಿ ಬೇಡ. ಕಂಪ್ಯೂಟರಿನಲ್ಲಿ ನಾನೇ ಹಾಕಿದ್ದೇನೆ," ಎಂದಳು ನರ್ಸ್. "ಹೊರಗೆ ಕೂತಿರಿ. ಹದಿನೈದು ನಿಮಿಷ ಆದ ಮೇಲೆ ಹೋಗಬಹುದು."

ಹೊರಗೆ ಬೆಂಚಿನ ಮೇಲೆ ಕೂತು ರಿಯೋನಾ ಫೋನಿನಲ್ಲಿ ದಾಖಲೆ ತೆರೆದಳು. ಮೂರು ತಾರೀಕು, ಮೂರು ಸಾಲು. ಲೊರೇನ್‌ಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: 'ಸಿಕ್ಕಿತು. ಡಿಗ್ರಿಯದೂ ನಿನ್ನೆ ಬಂತು, ಸರಿಯಾಗಿದೆ. ಸೋಮವಾರ ಸಹಿ ಹಾಕುತ್ತೇನೆ. ರಕ್ತ ಪರೀಕ್ಷೆ ಆಗುವವರೆಗೆ ಬಾವಲಿ ಇಲ್ಲ.'

ಓದಿ ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡಳು. ತೋಳು ಸಣ್ಣಗೆ ನೋಯತೊಡಗಿತ್ತು.

ಮಧುರಾ ಕಾರಿನ ಕೀಲಿ ಆಡಿಸುತ್ತ ನಿಂತಿದ್ದಳು. "ನಡಿಯಲೇ. ಪಾರ್ಕಿಂಗ್ ಟೈಮ್ ಮುಗೀತೈತಿ. ಈ ಹದಿನೈದು ನಿಮಿಷ ಯಾರೂ ಕೂರಂಗಿಲ್ಲ. ಏನಾಗ್ತೈತಿ ನಿನಗ, ಎರಡ ಸಲ ಹಾಕಿಸ್ಕೊಂಡಿದ್ದೀ, ಏನರ ಆತೇನು?"

"ನೀನು ಹೋಗಿ ಕಾರಲ್ಲಿ ಕೂತ್ಕೋ."

"ನೀನು?"

ರಿಯೋನಾ ಗೋಡೆಯ ಗಡಿಯಾರ ನೋಡಿದಳು. ನಾಲ್ಕು ನಿಮಿಷವಾಗಿತ್ತು.

"ಇನ್ನು ಹನ್ನೊಂದು ಉಂಟು," ಎಂದು ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿದಳು.